ಬನೀನಿನಲ್ಲಿ ಸೋಸಿದ ಎಣ್ಣೆ

ನನ್ನ ಕಣ್ಣಾಣೆಗೂ ಇದು ನಡೆದದ್ದೇ. ಗ್ಯಾರೇಜಿನ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದ ಪಕ್ಕದಂಗಡಿಯ ಟೈಲರ್ ಮೂಗು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡ. ಹಳೆಯ ಟರ್ಬೊ ಡೀಸೆಲ್ ಕಾರಿನಿಂದ ಬಿಚ್ಚಿದ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳನ್ನು ಮೆಕ್ಯಾನಿಕ್ಕು ಆ ಕಾರಿನ ಗಂಡಹೆಂಡಿರ ಮುಂದೆ ಹಿಡಿದ.

"ಮೂಸಿ ನೋಡಿ ಅಕ್ಕಾ."

"ಥೂ, ಕಮಟು ವಾಸನೆ. ಟ್ಯಾಂಕಿಗೆ ಏನ್ರೀ ಸುರಿದ್ರಿ?"

"ಹೋಟೆಲಲ್ಲಿ ಕರಿದು ಮಿಕ್ಕಿದ ಎಣ್ಣೆ ಕಣೇ. ಡೀಸೆಲ್ ಉಳೀಲಿ ಅಂತ."

"ಸೋಸಿದ್ರಾ ಸಾರ್?"

"ಸೋಸ್ದೆ. ನನ್ನ ಬನೀನಲ್ಲಿ."

"ಒಗೆದಿದ್ದಾ?"

ಗಂಡ ಚಾವಣಿ ನೋಡಿದ.

"ಅಸಹ್ಯ. ನಿನ್ನೆ ಡಯಾಲಿಸಿಸ್‌ಗೆ ಹೊರಟಿದ್ದ ನಮ್ಮಪ್ಪ ಕಾರು ನಿಂತು ನಡುದಾರೀಲಿ ಕೂತಿದ್ದು ಇದಕ್ಕೇನಾ?"

"ಟ್ಯಾಂಕ್ ತೊಳ್ದು ಹೊಸ ಇಂಜೆಕ್ಟರ್ ಹಾಕಿದೀನಿ ಅಕ್ಕಾ. ಇನ್ನೊಂದ್ಸಲ ಹೀಗಾದ್ರೆ ನಾನು ಮುಟ್ಟಲ್ಲ."

"ಕೀಲಿ ಕೊಡಿ ಇಲ್ಲಿ. ಇನ್ಮೇಲೆ ಅಪ್ಪನ್ನ ನಾನೇ ಕರ್ಕೊಂಡು ಹೋಗ್ತೀನಿ."

"ನಾನು?"

"ನಡ್ಕೊಂಡು ಬನ್ನಿ. ಕೊಬ್ಬು ಕರಗತ್ತೆ."

ಕಾರು ಹೋಯಿತು. ಹಿಂದೆಯೇ ಗಂಡನೂ ನಡೆದ.

ಕಥೆ ಪುಕ್ಕಟೆ ಕೇಳಿದಿರಲ್ಲ, ಈಗ ನನ್ನನ್ನು ನಿಮ್ಮ ಗಾಡಿಯಲ್ಲಿ ಮನೆತನಕ ಬಿಡಿ. ಹತ್ತುವ ಮೊದಲು ಟ್ಯಾಂಕು ಮೂಸುತ್ತೇನೆ, ಬೇಜಾರಾಗಬೇಡಿ.