ಮುಚ್ಚಳ ಬಿಗಿದ ಡ್ರಮ್ಮು

ಹಲೋ... ಯಾರು ಮಾತಾಡ್ತಿರೋದು? ಗುಂಡಣ್ಣನ ಫೋನಲ್ವಾ ಇದು?...

ಹಾಂ, ಗಂಗಾಮಣಕ್ಕನಾ? ನಾನು ಧರ್ಮ ಕಣಕ್ಕ. ದೋಣಿಗಲ್ ಹೋಂಸ್ಟೇಲಿ ಬಿಸಿಲು ತಡೆಯೋಕೆ ಚಾವಣಿ ಶೀಟಿಗೆ ಫೋಮ್ ಹೊಡೀತಾ ಇದೀವಲ್ಲ, ನಿಮ್ ಯಜಮಾನ್ರು ಗುಂಡಣ್ಣ ನಮ್ ಜೊತೇಲೇ ಕೆಲ್ಸ ಮಾಡೋದು. ನಿನ್ನೆ ಅಲ್ಲಿಂದ ಒಂದು ಖಾಲಿ ಡ್ರಮ್ ತಂದವ್ರಲ್ಲ, ಎಲ್ಲೈತೆ ಅದು?...

ತಂದಿಲ್ವಾ? ನಮ್ ನಂಜುಂಡನೇ ಕೈ ಕೊಟ್ಟು ಆಟೋಗೆ ಏರಿಸವ್ನೆ ಕಣಕ್ಕ...

ಕಳ್ಳತನ ಅಂತ ಯಾರಂದ್ರು ಈಗ? ನಾನು ವಾಪಸ್ ಕೇಳೋಕೆ ಫೋನ್ ಮಾಡಿಲ್ಲ. ನೀವೇ ಇಟ್ಕಳಿ, ಓನರಿಗೂ ಹೇಳಲ್ಲ. ಅದಕ್ಕೆ ನೀರು ತುಂಬಿದೀರಾ ಇಲ್ವಾ, ಅಷ್ಟು ಹೇಳ್ಬುಡಿ...

ಮತ್ತೆ ಅದೇ ರಾಗ. ನನ್ ತಲೆ ಕೆಟ್ಟೋಯ್ತೈತೆ ನೋಡಿ... ಕೇಳಿ ಇಲ್ಲಿ. ಅದ್ರಲ್ಲಿ ಇದ್ದಿದ್ದು ಐಸೋಸೈನೇಟ್ ಅಂತ ಕೆಮಿಕಲ್ಲು, ಕಂದು ಬಣ್ಣದ್ದು. ಇನ್ನೊಂದು ಡ್ರಮ್ಮಿನ ಮಾಲಿನ ಜೊತೆ ಬೆರೆಸಿದ್ರೆ ಉಬ್ಬಿ ಫೋಮಾಗ್ತೈತೆ. ತಳದಲ್ಲಿ ಚೂರು ಉಳ್ದೇ ಇರ್ತೈತೆ. ಅದಕ್ಕೆ ನೀರು ಬಿದ್ರೆ ಗ್ಯಾಸ್ ಏಳ್ತೈತೆ. ಮುಚ್ಚಳ ಬಿಗಿ ಮಾಡ್ಬುಟ್ರೆ ಆ ಗ್ಯಾಸ್ ಎಲ್ಲಿಗೋಗ್ಬೇಕು ಹೇಳಿ. ಡ್ರಮ್ಮೇ ಒಡ್ದೋಯ್ತೈತೆ...

ಎಷ್ಟು ಸಲ ತೊಳೆದ್ರೂ ಅಷ್ಟೇ... ಹಾಂ? ಸೋಪಾಕಿ ತೊಳೆದ್ರಾ? ಅಂದ್ಮೇಲೆ ಡ್ರಮ್ ನಿಮ್ಮನೇಲೇ ಐತೆ ಅಂತಾಯ್ತಲ್ಲ...

ಯಾರಿಗೆ, ಆಶಾಗಾ?... ಗೊತ್ತಾಯ್ತು ಕಣಕ್ಕ. ಮಗಳು ಬಾಣಂತಿ, ನೀರು ಜಾಸ್ತಿ ಬೇಕು, ನಲ್ಲೀಲಿ ದಿನಾ ಬರಲ್ಲ. ತಪ್ಪಂತಾ ಇಲ್ಲ ನಾನು. ಎಲ್ಲಿಟ್ಟಿದೀರಾ?... ಬಚ್ಚಲಲ್ಲಾ? ಮುಚ್ಚಳ?... ಕಸ ಬೀಳ್ಬಾರ್ದು ಅಂತ ಬಿಗಿ ಮಾಡಿದೀರಾ...

ಮೇಲ್ಗಡೆ ಉಬ್ಬೈತಾ? ಎಷ್ಟೊತ್ತಿಂದ?... ಅಕ್ಕಾ, ಮೊದ್ಲು ಆಶಾನ್ನೂ ಮಗೂನೂ ಕರ್ಕೊಂಡು ಮನೆಯಿಂದ ಆಚೆ ಬನ್ನಿ. ದೂರ ನಿಂತ್ಕಳಿ. ಡ್ರಮ್ ಯಾರೂ ಮುಟ್ಬೇಡಿ. ನಾನು ಬಾಳ್ಳುಪೇಟೆ ದಾಟಿದೀನಿ, ನಿಮ್ ಕುಂದೂರಿಗೇ ಬರ್ತಾ ಇದೀನಿ...

ಹಸಿ ಬಾಣಂತಿ ಗಾಳಿಗೆ ಬರ್ಬಾರ್ದಾ? ಕಿವಿಗೆ ಬಟ್ಟೆ ಕಟ್ಟಿ ಕರ್ಕೊಂಡು ಬನ್ನಿ. ಶೀತ ಆದ್ರೆ ಕಷಾಯ ಐತೆ, ಇದಕ್ಕೆ ಏನೈತೆ?... ದಮ್ಮಯ್ಯ ಅಂತೀನಿ, ನಂಗೆ ಭಯ ಆಗ್ತೈತೆ ಕಣಕ್ಕ...

ಅದೇನದು, ಟಣ್ ಟಣ್ ಅಂತ ಸದ್ದು?... ಗುಂಡಣ್ಣನಾ? ಯಾಕೆ ಹೊಡೀತಾವ್ರೆ?... ನಾನು ಬರೋಷ್ಟರಲ್ಲಿ ಮುಚ್ಚಳ ಕಿತ್ತು ನೀರು ಚೆಲ್ಲಿ ಡ್ರಮ್ ಹಿತ್ತಲಿಗೆ ಸಾಗ್ಸಾಕಾ?... ಅಕ್ಕಾ, ಡ್ರಮ್ ಬೇಡ ನಂಗೆ, ಡ್ರಮ್ ಬೇಡ. ಸುತ್ತಿಗೆ ಬಿಟ್ಟು ಆಚೆ ಬರಕ್ಕೇಳಿ. ನೀವು ಹತ್ರ ಹೋಗ್ಬೇಡಿ, ದೂರದಿಂದ್ಲೇ ಕೂಗಿ ಹೇಳಿ...

ಸದ್ದು ನಿಂತೋಯ್ತಲ್ಲ. ಬಂದ್ರಾ ಆಚೆ?... ಅಕ್ಕಾ, ಬಂದ್ರಾ?... ಹಲೋ...