ಪೂರ್ತಿ ವಿಳಾಸ

ಮೊಬೈಲ್ ಟಾರ್ಚ್ ಆರಿಸಿ, ಹತ್ತಿರ ಬನ್ನಿ. ಇದು ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿರುವುದಲ್ಲ. ನನ್ನ ಚಿಕ್ಕಮ್ಮನ ಮಗ ಶಾಂತರಾಜುವಿಗೇ ಆದದ್ದು, ಹೋದ ವರ್ಷ ಕಾರ್ತಿಕದಲ್ಲಿ.

ಗುಂಡ್ಲುಪೇಟೆಯಿಂದ ಕಾಡಂಚಿನ ಮದ್ದೂರಿಗೆ ಹೋಗುವಾಗ ಟಾರು ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ಅರ್ಧ ಮೈಲಿ ನಡೆದರೆ ಒಂದು ಆಲದ ಮರ. ಅದರ ಬುಡದಲ್ಲಿ ಹಾಳುಬಾವಿ. ಆಗಲೇ ಕತ್ತಲಾಗಿತ್ತು. ಶಾಂತರಾಜು ಮುಂದೆ, ಅವನ ಗೆಳೆಯ ಸೋಮೇಶ್ ಮೊಬೈಲ್ ನೋಡಿಕೊಂಡು ಹಿಂದೆ. ಕಳ್ಳರಲ್ಲ ಪಾಪ... ಆಟಕ್ಕೆ ಬಂದವರು.

ಜಿಯೋಕ್ಯಾಶಿಂಗ್ ಅಂತ ಒಂದು ಆಟವಿದೆ. ಯಾರೋ ಒಂದು ಡಬ್ಬಿ ಬಚ್ಚಿಟ್ಟು ಮೊಬೈಲಿನಲ್ಲಿ ಒಗಟು ಹಾಕುತ್ತಾರೆ. ಬಿಡಿಸಿದರೆ ಜಾಗ ಗೊತ್ತಾಗುತ್ತದೆ. ಹುಡುಕಿ, ಡಬ್ಬಿಯೊಳಗಿನ ಪುಸ್ತಕದಲ್ಲಿ ಹೆಸರು ಬರೆದು, ಅಲ್ಲೇ ಇಟ್ಟು ಬರಬೇಕು. ಈ ಸಲದ ಒಗಟು ಬ್ರಿಟಿಷರ ಕಾಲದ ಎರಡಾಣೆ ಸ್ಟಾಂಪಿನ ಮೇಲೆ. ರಾಜನ ತಲೆಯ ಪಕ್ಕದಲ್ಲಿ ಓಡುತ್ತಿರುವ ಅಂಚೆಯವನ ಚಿತ್ರ. ಸೋಮೇಶನ ಆಲ್ಬಮ್ಮಿನಲ್ಲಿ ಆ ಸ್ಟಾಂಪೇ ಇತ್ತು. ಇಸವಿ, ಬೆಲೆ, ಅಂಚಿನ ಹಲ್ಲು ಎಲ್ಲ ಎಣಿಸಿ ಹತ್ತು ದಿನ ತಲೆ ಕೆರೆದುಕೊಂಡ. ಬಿಡಿಸಿದ್ದು ಮಾತ್ರ ಶಾಂತರಾಜು. ಕಚೇರಿ ಗುಮಾಸ್ತ ನೋಡಿ, ಅಂಕಿ ಕಂಡರೆ ಬಿಡುವವನಲ್ಲ.

ಬದುವಿನ ಪಕ್ಕ ಹಸು ಕಟ್ಟುತ್ತಿದ್ದ ಮಲ್ಲಿಗಮ್ಮ ಅನ್ನೋ ಮುದುಕಿ ಇಬ್ಬರನ್ನೂ ತಡೆದಳು. ಅದು ಅಂಚೆಬಾವಿ ಅಂದಳು. ಅವಳ ಅಜ್ಜಿ ಕಾಲದಲ್ಲಿ, ಗೆಜ್ಜೆ ಕಟ್ಟಿದ ಈಟಿ ಹಿಡಿದು ಟಪಾಲು ಹೊತ್ತು ಓಡುತ್ತಿದ್ದವನನ್ನು ಇಬ್ಬರು ಅಲ್ಲಿ ಅಡ್ಡಗಟ್ಟಿದರಂತೆ. ಅವನು ಚೀಲ ಬಿಡಲಿಲ್ಲ. ಬಲಗೈ ಮಣಿಕಟ್ಟಿಗೆ ಮಚ್ಚು ಹಾಕಿದರು. ಒಂದೇಟಿಗೆ ಹೋಗಲಿಲ್ಲ... ಮೂರು ಏಟು. ಚೀಲದ ಜೊತೆಗೇ ಕೈಯೂ ಹೋಯಿತು. ಮೈಯನ್ನು ಬಾವಿಗೆ ನೂಕಿದರು. ಮೂರು ರಾತ್ರಿ ಒಳಗಿಂದ ಕೂಗಿದನಂತೆ. ಊರಲ್ಲಿ ಒಬ್ಬರೂ ಹೋಗಲಿಲ್ಲ. ನೆನೆಸಿಕೊಂಡರೆ ನನಗೆ ಕಳ್ಳರಿಗಿಂತ ಆ ಊರಿನವರ ಮೇಲೇ ಸಿಟ್ಟು ಬರುತ್ತದೆ.

ಆಮೇಲೆ ಮುದುಕಿ ಪಿಸುಗುಟ್ಟಿದ್ದು ಇಷ್ಟೇ. "ಹುಡಿಕ್ಕಳಿ, ಬ್ಯಾಡ ಅನ್ನಕಿಲ್ಲ. ಅಲ್ಲಿ ನಿಮ್ಮ ಊರು ಕೇರಿ ಮಾತ್ರ ಏಳ್ಬ್ಯಾಡಿ, ಬರೀಬ್ಯಾಡಿ ಕಣಪ್ಪ. ಅವ್ನು ತಲುಪುಸ್ದೆ ಬುಡಕಿಲ್ಲ."

ಡಬ್ಬಿ ಬಾವಿಯ ಕಲ್ಲುಸಂದಿಯಲ್ಲೇ ಸಿಕ್ಕಿತು. ಮುಚ್ಚಳ ಕಿರ್ರ್ ಅಂತು. ಸೋಮೇಶ್ ಆಟದ ಅಡ್ಡಹೆಸರು ಗೀಚಿದ. ಎಲ್ಲರೂ ಮಾಡುವುದು ಅಷ್ಟೇ. ನಮ್ಮ ಶಾಂತರಾಜು? ದೇವಸ್ಥಾನದ ಅರ್ಚನೆ ಚೀಟಿಗೂ ಪಿನ್‌ಕೋಡ್ ಬರೆಸುವ ಆಸಾಮಿ. ಹದಿನೆಂಟು ವರ್ಷ ಅರ್ಜಿ ತುಂಬಿದ ಕೈ ತಾನಾಗಿ ಓಡಿತು... ಶಾಂತರಾಜು ಬಿನ್ ಪುಟ್ಟಮಲ್ಲಪ್ಪ, ಮನೆ ನಂಬರು, ಮೂರನೇ ಅಡ್ಡರಸ್ತೆ, ಚಾಮರಾಜನಗರ ಟೌನ್. ಕೆಳಗೆ ಸಹಿ. 'ಜು'ವಿನ ಬಾಲ ಎರಡು ಸುತ್ತು.

ಝಲ್.

ಬಾವಿಯೊಳಗಿಂದ.

ಝಲ್... ಝಲ್... ಮೆಟ್ಟಿಲ ಕಲ್ಲಿಗೆ ಕಬ್ಬಿಣ ಊರಿದ ಠಣ್. ಹತ್ತಿ ಬರುತ್ತಿತ್ತು. ಇಬ್ಬರೂ ಆಲದ ಬುಡಕ್ಕೆ ಒತ್ತಿಕೊಂಡರು. ಹಸಿ ರಕ್ತದ ವಾಸನೆ ಮುಖಕ್ಕೆ ಹೊಡೆಯಿತು. ಆದರೆ ಅದು ಅವರನ್ನು ಮುಟ್ಟಲಿಲ್ಲ. ಪಕ್ಕದಲ್ಲೇ ಹಾದು ರಸ್ತೆಯ ಕಡೆ ಓಡಿತು.

"ಎಲ್ಗ್ಲಾ ಓಯ್ತಾ ಅದೆ ಅದು?" ಸೋಮೇಶ್ ಉಸಿರಲ್ಲೇ ಕೇಳಿದ.

"ನಮ್ಮನೆಗೆ ಕಣ್ಲಾ... ಮನೇಲಿ ಪುಟ್ಟಿ ಅವ್ಳೆ."

ಪುಟ್ಟಿ ಅವನ ಮಗಳು, ಏಳು ವರ್ಷ. ಹೆಂಡತಿ ಪ್ರಿಯಾಂಕಳಿಗೆ ಫೋನ್ ಮೇಲೆ ಫೋನ್ ಮಾಡಿದ. ಸೈಲೆಂಟಿನಲ್ಲಿತ್ತು. ಟಾರು ರಸ್ತೆಯಲ್ಲಿ ನಿಲ್ಲಿಸಿದ್ದ ಬೈಕ್ ಹತ್ತಿದರು. ಗುಂಡ್ಲುಪೇಟೆ ದಾಟಿದರು. ತೆರಕಣಾಂಬಿ ಹತ್ತಿರ ಗೆಜ್ಜೆ ಸದ್ದು ಬೈಕಿಗೆ ಸಮಸಮ ಬಂತು. ರಸ್ತೆಗೆ ಅಡ್ಡ ಬಂದ ನಾಯಿಯೊಂದು ಕುಂಯ್ ಅಂದದ್ದಷ್ಟೇ, ಹೊಟ್ಟೆ ಸೀಳಿ ಹೆಡ್‌ಲೈಟಿನ ಮುಂದೆ ಬಿತ್ತು. ಸೋಮೇಶನ ಪ್ಯಾಂಟಿಗೆಲ್ಲ ಕರುಳು ಸಿಡಿದಿತ್ತು. ಶಾಂತರಾಜು ಬ್ರೇಕ್ ಮುಟ್ಟಲಿಲ್ಲ.

ಮನೆಗೆ ಬಂದಾಗ ಗೆಜ್ಜೆ ಮುಂದಿನ ಅಂಗಳದಲ್ಲಿತ್ತು. ಅವನು ಹಿತ್ತಿಲ ಬಾಗಿಲಿಂದ ನುಗ್ಗಿದ. ಪುಟ್ಟಿ ಮುಂಬಾಗಿಲ ಚಿಲಕದ ಮೇಲೆ ಕೈಯಿಟ್ಟು, ಪೋಸ್ಟ್ ಬಂದದೆ ಅಂತಿದ್ದಳು. ಹೊರಗೆ ಯಾರೋ ನೀರು ತುಂಬಿದ ಗಂಟಲಲ್ಲಿ ವಿಳಾಸ ಓದುತ್ತಿದ್ದರು. ಬಿನ್ ಪುಟ್ಟಮಲ್ಲಪ್ಪ... ಮೂರನೇ ಅಡ್ಡರಸ್ತೆ...

ಮಗಳನ್ನು ಒದ್ದ ಹಾಗೆ ಆಚೆ ತಳ್ಳಿ, ತನ್ನ ಬಲಗೈಯಿಂದ ಚಿಲಕ ಅದುಮಿ ಹಿಡಿದ.

ಈಟಿ ಹಲಗೆ ಸೀಳಿ ಅಂಗೈಯನ್ನು ಬಾಗಿಲಿಗೇ ಜಡಿಯಿತು. ಆಮೇಲೆ ಕಾಣದ ಮಚ್ಚಿನ ಏಟು. ಮಣಿಕಟ್ಟಿಗೆ. ಒಂದು... ಮೂಳೆ ಲಟಕ್ ಅಂದದ್ದು ಅಡುಗೆಮನೆಯಲ್ಲಿದ್ದ ಪ್ರಿಯಾಂಕಳಿಗೂ ಕೇಳಿಸಿತಂತೆ. ಎರಡು... ಮೂರು. ಗೋಡೆ, ಕ್ಯಾಲೆಂಡರು, ಪುಟ್ಟಿಯ ಮುಖ, ಎಲ್ಲ ಕೆಂಪು. ಈಟಿ ಹಿಂದಕ್ಕೆ ಸರಿಯಿತು. ಗೆಜ್ಜೆ ಸದ್ದು ದೂರವಾಯಿತು.

ಆಸ್ಪತ್ರೆಯಲ್ಲಿ ಕತ್ತರಿಸಿದ ಕೈಯನ್ನು ಐಸಿನಲ್ಲಿಟ್ಟು ಬೇಗ ತನ್ನಿ ಅಂದರು. ಸುದ್ದಿ ಕೇಳಿ ಓಡಿಬಂದ ನಾನೂ ಹುಡುಕಿದೆ. ಮಂಚದ ಕೆಳಗೆ, ಅಂಗಳದಲ್ಲಿ, ಚರಂಡಿಯಲ್ಲಿ. ಚಿಲಕ ಹಾಕಿದ ಹಾಗೇ ಇತ್ತು. ಹಲಗೆಯ ತೂತು ಮೂರು ಬೆರಳಗಲ. ಕೈ ಇರಲಿಲ್ಲ.

ನಗುವವರು ನಗಿ. ತಿಂಗಳಾದ ಮೇಲೆ ಮಟಮಟ ಮಧ್ಯಾಹ್ನ, ಸೋಮೇಶನನ್ನು ಕರೆದುಕೊಂಡು ಆ ಬಾವಿಗೆ ನಾನೇ ಹೋದೆ. ಡಬ್ಬಿ ಅಲ್ಲೇ ಇತ್ತು. ಪುಸ್ತಕ ತೆಗೆದೆ. ಅವನ ವಿಳಾಸದ ಕೆಳಗೆ ಒಂದೇ ಸಾಲು, 'ತಲುಪಿತು' ಅಂತ. ಆ ರಾತ್ರಿಯದೇ ತಾರೀಖು.

ಶಾಂತರಾಜು ಈಗ ಪುಟ್ಟಿಯ ಕಾಪಿ ಪುಸ್ತಕದಲ್ಲಿ ಎಡಗೈಯಿಂದ ಅ ಆ ತಿದ್ದುತ್ತಿದ್ದಾನೆ, ಇನ್ನೂ ಗೆರೆಯೊಳಗೆ ನಿಲ್ಲುವುದಿಲ್ಲ. ನಾನು ನೋಡಿದ್ದು ಸುಳ್ಳಲ್ಲ... ತಾರೀಖಿನ ಪಕ್ಕದಲ್ಲಿ ಅವನದೇ ಇನ್ನೊಂದು ಸಹಿ. 'ಜು'ವಿನ ಬಾಲ ಎರಡು ಸುತ್ತು.