ತಿರುವಿನಲ್ಲಿ ಎಲೆ ಇಸ್ಕೊಂಡವರು

ರಾತ್ರಿ ಹನ್ನೊಂದು ದಾಟಿತ್ತು. ಸುಷ್ಮಾ ಪಂಕ್ಚರ್ ಆದ ಸ್ಕೂಟರ್ ತಳ್ಳಿಕೊಂಡು ಆಲದ ಮರ ದಾಟಿದಳು. ಸುಷ್ಮಾ ಅಂದರೆ ನನ್ನ ಚಿಕ್ಕಮ್ಮನ ಮಗಳು. ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್, ಮನೆ ವಿಜಯನಗರ. ದೇವರನ್ನೇ ಸುಲಭಕ್ಕೆ ನಂಬದವಳು, ದೆವ್ವಕ್ಕೆ ವಿನಾಯಿತಿ ಕೊಡುವವಳಲ್ಲ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ದಾರಿಯಲ್ಲಿ ಒಂದು ರೈಲ್ವೆ ಅಂಡರ್‌ಪಾಸ್. ಯಾವುದು ಅಂತ ಕೇಳಬೇಡಿ, ನಾಳೆ ನೀವೂ ಅಲ್ಲೇ ಹೋಗಬೇಕು. ಆಗ ಅದನ್ನು ಅಗಲ ಮಾಡುತ್ತಿದ್ದರು. 'ಸುಗಮ ಸಂಚಾರಕ್ಕಾಗಿ' ಅಂತ ಬೋರ್ಡು. ಆ ಬೋರ್ಡೇ ರಸ್ತೆಗೆ ಅಡ್ಡ. ಒಂದು ಪಕ್ಕ ಅಗೆದಿದ್ದರಿಂದ ಗಾಡಿಗಳು ಒಂದು ಸಲಕ್ಕೆ ಒಂದೇ ಕಡೆಯಿಂದ ಹೋಗಬೇಕು. ನಡುವೆ ತಿರುವು, ಈ ತುದಿಗೆ ಆ ತುದಿ ಕಾಣದು. ಕಂಟ್ರಾಕ್ಟರ್ ಕೊಟ್ಟ ವಾಕಿಟಾಕಿ ವಾರಕ್ಕೇ ಕೆಟ್ಟಿತ್ತು. ಹಾಗಾಗಿ ಒಂದು ಕೋಲು. ಸಾಲಿನ ಕೊನೆಯ ಗಾಡಿಯವರ ಕೈಗೆ ಅದನ್ನು ಕೊಡುವುದು. ಅದು ಆ ತುದಿ ತಲುಪಿದ ಮೇಲೆ ಅಲ್ಲಿಯವರು ತಮ್ಮ ಕಡೆಯ ಗಾಡಿ ಬಿಡುವುದು.

ಗಾಡಿ ನಿಲ್ಲಿಸಿ ಬಿಡುವ ಕೆಲಸಕ್ಕೆ ಈ ತುದಿಯಲ್ಲಿ ಅಂಬುಜಮ್ಮ, ಆ ತುದಿಯಲ್ಲಿ ಅವರ ಗಂಡ ಜವರಯ್ಯ. ದಿನಾ ರಾತ್ರಿ ಅಂಬುಜಮ್ಮ ಎಲೆ ಅಡಿಕೆ ಮಡಿಸಿ, ದಾರದಲ್ಲಿ ಕೋಲಿಗೆ ಕಟ್ಟಿ ಕಳಿಸುತ್ತಿದ್ದರು. ಸುಷ್ಮಾ ಎಷ್ಟೋ ಸಲ ಒಯ್ದಿದ್ದಳು.

"ನಾನೇನು ನಿಮ್ಮ ಪೋಸ್ಟ್‌ಮನ್ನೇನ್ರೀ?"

"ಕೊಟ್ಬುಡವ್ವ. ಎಲೆ ಇಲ್ದಿದ್ರೆ ಆ ಮುದ್ಕಂಗೆ ನಿದ್ದೆ ಬಂದ್ಬುಡ್ತದೆ."

ಒಂದು ದಿನ ಗಂಡ ಹೆಂಡತಿಗೆ ಮಾತಿಗೆ ಮಾತು ಬೆಳೆಯಿತು. ಸಣ್ಣ ವಿಷಯ. ಆ ರಾತ್ರಿ ಅಂಬುಜಮ್ಮ ಬರೀ ಕೋಲು ಕಳಿಸಿದರು. "ಎಲೆ ಮುಗೀತಾ?" ಅಂತ ಜವರಯ್ಯ ಆಟೋದವನ ಕೈಲಿ ಕೇಳಿಸಿದರು. ಅಂಬುಜಮ್ಮ ಮತ್ತೆ ಬರೀ ಕೋಲನ್ನೇ ಕಳಿಸಿದರು. ಸ್ವಲ್ಪ ಹೊತ್ತಿಗೆ ಜವರಯ್ಯ ತಾವೇ ಕೇಳೋಣವೆಂದು ಒಳಗೆ ನಡೆದು ಬಂದರು. ತಿರುವಿನಲ್ಲಿ ಅಗೆದಿದ್ದ ಮಣ್ಣು ಕುಸಿಯಿತು...

ಗಂಡನ ಕಾರ್ಯ ಮುಗಿಸಿ ಅಂಬುಜಮ್ಮ ಕೆಲಸಕ್ಕೆ ಬಂದರು. ಆ ತುದಿಗೆ ಸಿದ್ದೇಶ್ ಅಂತ ಹೊಸಬ. ಕೋಲಿನಲ್ಲಿ ಮತ್ತೆ ಎಲೆ. ಪ್ರತಿ ರಾತ್ರಿ. ಯಾರಿಗೆ ಅಂತ ಯಾರೂ ಕೇಳಲಿಲ್ಲ.

ಸುಷ್ಮಾ ಸ್ಕೂಟರ್ ತಳ್ಳಿಕೊಂಡು ಬಂದದ್ದು ಕೋಲಿನ ಕೊನೆಯ ರಾತ್ರಿ. ಬೆಳಗಾದರೆ ಎರಡೂ ಕಡೆಯ ರಸ್ತೆ ತೆರೆಯುತ್ತಿದ್ದರು.

"ಇವತ್ತು ನಡ್ಕೊಂಡೋಯ್ತಿದ್ದೀಯಲ್ಲ," ಅಂಬುಜಮ್ಮ ಪಿಸುಗುಟ್ಟಿದರು. "ನೀನೇ ತಗೊಂಡೋಗವ್ವ. ಗಾಡಿಯೋರು ಬುರ್ರಂತ ಹೋಗ್ಬುಡ್ತಾರೆ. ಅವ್ರು ಎಂಗೆ ಇಸ್ಕೊಂಡಾರು?"

ಸುಷ್ಮಾ ಕೋಲನ್ನು ಹ್ಯಾಂಡಲ್ ಜೊತೆ ಹಿಡಿದು ಒಳಗೆ ನಡೆದಳು.

ಕತ್ತಲು. ತೊಟ್... ತೊಟ್... ಅಂತ ನೀರು. ಗಾಳಿಯಿಲ್ಲದ ಟೈರಿನ ಲೊಪ್ ಲೊಪ್. ತಲೆಯ ಮೇಲೆ ಗೂಡ್ಸ್ ರೈಲು ಧಡಲ್ ಧಡಲ್ ಅಂತ ಹಾದುಹೋಯಿತು. ಆಮೇಲೆ ನೀರಿನ ಸದ್ದೂ ಇಲ್ಲ...

ತಿರುವಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಸಿದ್ದೇಶ್ ಒಳಗೇ ಬಂದಿದ್ದಾನೆ ಅಂದುಕೊಂಡಳು. ಒಂದು ಕೈ ಮುಂದೆ ಬಂದು ಕೋಲಿನ ದಾರ ಬಿಚ್ಚಿತು. ಅವಸರವೇ ಇಲ್ಲ.

"ಅವ್ಳು ಉಂಡ್ಳಾ?"

"ಗೊತ್ತಿಲ್ಲ ಕಣ್ರೀ..."

"ಉಣ್ಣಕ್ಕೇಳು."

ಹೊರಗೆ ಬಂದರೆ ಸಿದ್ದೇಶ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಕೋಲು ಇಸ್ಕೊಂಡು ತಿರುಗಿಸಿದ.

"ಇವತ್ತು ಎಲೆ ಕಟ್ಟಿಲ್ವಾ ಮೇಡಂ? ದಿನಾ ನಾನೇ ಬಿಚ್ಚಿ ಕವರಲ್ಲಿ ಎತ್ತಿಡ್ತಿದ್ದೆ. ಆಯಮ್ಮಂಗೆ ವಾಪಸ್ ಕೊಡಕ್ಕೆ ಮನಸ್ಸು ಬರ್ಲಿಲ್ಲ."

"ಈಗ ಒಳಗೆ ಬಂದಿದ್ದು ನೀವಲ್ವಾ?"

"ನಾನ್ಯಾಕೆ ಬರ್ಲಿ?"

ಸುಷ್ಮಾ ಸ್ಕೂಟರ್ ಅಲ್ಲೇ ನಿಲ್ಲಿಸಿದಳು. ಸಾಲಿನ ಕೊನೆಯಲ್ಲಿದ್ದ ಹಾಲಿನ ವ್ಯಾನ್ ಹತ್ತಿ, ಕೋಲು ಹಿಡಿದುಕೊಂಡು ವಾಪಸ್ ಹೋದಳು. ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ ಅಂತ ಅವಳೇ ಒಪ್ಪಿಕೊಳ್ಳುತ್ತಾಳೆ.

ಎಲ್ಲ ಕೇಳಿ ಅಂಬುಜಮ್ಮ ಅಳಲಿಲ್ಲ. "ರಾತ್ರಿ ಉಣ್ಣಾದ್ ಬುಟ್ಟು ಎರಡು ತಿಂಗ್ಳಾಯ್ತು ಕಣವ್ವ," ಅಂದರು. ಸೊಸೆ ಕಟ್ಟಿಕೊಟ್ಟಿದ್ದನ್ನು ದಿನಾ ನಾಯಿಗೆ ಹಾಕುತ್ತಿದ್ದರಂತೆ.

ಮರಳಿನ ಚೀಲದ ಮೇಲೆ ಕೂತು ಡಬ್ಬಿ ಬಿಚ್ಚಿದರು. ತಣ್ಣಗಾದ ಮುದ್ದೆ, ಸೊಪ್ಪಿನ ಸಾರು. ಒಂದೊಂದೇ ತುತ್ತು ಮುರಿದು ನುಂಗಿದರು. ಹಿಂದೆ ಸಾಲಿನಲ್ಲಿ ಹಾರ್ನ್ ಮೇಲೆ ಹಾರ್ನ್. ಸುಷ್ಮಾ ಅಡ್ಡ ನಿಂತಳು. ಅಂಬುಜಮ್ಮ ಕೈ ತೊಳೆಯುವವರೆಗೆ ಒಂದು ಗಾಡಿಯೂ ಅಲ್ಲಾಡಲಿಲ್ಲ.

ಈಗ ಅಲ್ಲಿ ಬಿಳಿ ದೀಪ, ಅಗಲವಾದ ರಸ್ತೆ. ಹತ್ತು ಸೆಕೆಂಡಿಗೆ ದಾಟಿಬಿಡಬಹುದು. ಅಂಬುಜಮ್ಮನನ್ನು ನಂಜನಗೂಡಿನ ಕಡೆ ಬೇರೆ ಕೆಲಸಕ್ಕೆ ಹಾಕಿದ್ದಾರೆ. ನೀವು ನಂಬದಿದ್ದರೆ ಬೇಡ, ನಡೆದದ್ದು ನಡೆದದ್ದೇ. ಗೋಡೆಗೆ ಬಣ್ಣ ಹೊಡೆದು ಎಂಟು ತಿಂಗಳಾಯಿತು. ತಿರುವಿನ ಹತ್ತಿರ, ಒಬ್ಬರು ಒರಗಿ ನಿಲ್ಲುವಷ್ಟು ಜಾಗ ಮಾತ್ರ ಇನ್ನೂ ಒಣಗಿಲ್ಲ. ಮೊನ್ನೆ ನಾನೇ ಮುಟ್ಟಿ ನೋಡಿದೆ.